ವಿಳಾಸದ ಬಾಲ

ಪುತ್ತೂರೆಂಬ ಊರು ದಕ್ಷಿಣ ಕನ್ನಡದಲ್ಲಿ ಒಂದುಂಟು. ಮೂಳೆ ಕಟ್ಟುವವರಿಂದ ಹೆಸರಾದ ಇನ್ನೊಂದು ಪುತ್ತೂರು ಆಂಧ್ರದಲ್ಲುಂಟು. ಲಕೋಟೆಯ ಮೇಲೆ ಬರಿಯ ‘ಪುತ್ತೂರು’ ಎಂದಿದ್ದರೆ ಅಂಚೆಯವನು ತಲೆ ಕೆರೆದುಕೊಳ್ಳಬೇಕಾದೀತು. ಕೊನೆಯಲ್ಲಿ 574201 ಎಂಬ ಅಂಕೆಯಿದ್ದರೆ ಅದು ತಪ್ಪದೆ ಮಹಾಲಿಂಗೇಶ್ವರನ ಪುತ್ತೂರಿಗೇ ಬರುತ್ತದೆ.

ಗಣಕಯಂತ್ರದ ಲೋಕದಲ್ಲಿಯೂ ನಿಯಮ ಇದೇ. ಜಾಲತಾಣದ ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ಎಂಬ ತಲೆಯನ್ನೂ ಅದರ ಜೋಡಿ ಓರೆಗೆರೆಗಳನ್ನೂ ಬಿಟ್ಟು, ಮುಂದೆ ಬರುವ ಮೊದಲ ಒಂಟಿ ಓರೆಗೆರೆಯವರೆಗೆ ಓದಬೇಕು. ಆ ಭಾಗದ ಬಲತುದಿಯೇ ಒಡೆಯನ ಮನೆ. ಎಡಕ್ಕಿರುವುದೆಲ್ಲ ಅವನು ಮನಬಂದಂತೆ ತೂಗಹಾಕಿದ ಹಲಗೆ. ಎಡಗಡೆ ಬ್ಯಾಂಕಿನ ಪೂರ್ಣ ನಾಮಧೇಯವಿದ್ದು ಬಲತುದಿಯಲ್ಲಿ ಕೇಳರಿಯದ ಹೆಸರಿದ್ದರೆ ಅದು ವಂಚಕನ ತಾಣ. ಇ-ಮೇಲಿನಲ್ಲಿ ‘ಅಟ್’ ಚಿಹ್ನೆಯ ಬಲಗಡೆಯನ್ನು ನೋಡಬೇಕು. ಅಕ್ಷರಗಳೂ ಮೋಸ ಮಾಡುತ್ತವೆ: ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಒತ್ತಾಗಿ ನಿಂತರೆ ‘ಎಮ್’ ಎಂದೇ ತೋರುತ್ತದೆ. ಓಲೆಗರಿಯ ಪಕಾರ ವಕಾರಗಳಲ್ಲಿ ಕಣ್ಣು ಸವೆಸಿದ ವಿದ್ವಾಂಸರಿಗೆ ಈ ಕಾಟ ಹೊಸದಲ್ಲ. ಬೀಗದ ಚಿತ್ರವನ್ನು ನಂಬಿದವರೂ ಕೆಟ್ಟಿದ್ದಾರೆ. ಹಾದಿಯಲ್ಲಿ ಮಾತು ಸೋರದೆಂದಷ್ಟೇ ಅದು ಹೇಳುತ್ತದೆ, ಮನೆಯೊಳಗಿರುವವನು ಸಜ್ಜನನೆಂದಲ್ಲ.

ಭಾರತೀಯ ರಿಸರ್ವ್ ಬ್ಯಾಂಕು ಇದನ್ನು ಮನಗಂಡು, 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ಆಜ್ಞಾಪಿಸಿತು. ಯಾರು ಕೇಳಿದರೂ ಆ ಬಾಲ ಸಿಗದು. ಆದರೆ ಹಳ್ಳಿಹಳ್ಳಿಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲ. ವಕೀಲರ, ವೈದ್ಯರ ಸಂಘಗಳಂತೂ ಅಲ್ಲವೇ ಅಲ್ಲ. ಈ ರಕ್ಷೆ ಅವುಗಳಿಗಿಲ್ಲ.

ಸುಳ್ಯದ ವೃತ್ತಿಸಂಘವೊಂದರ ಖಜಾಂಚಿಗೆ ಅಧ್ಯಕ್ಷರ ಹೆಸರಿನಲ್ಲಿ ಇ-ಮೇಲ್ ಬಂದಿತೆಂದು ಇಟ್ಟುಕೊಳ್ಳೋಣ: “ಸಭೆಯಲ್ಲಿದ್ದೇನೆ, ಫೋನು ಮಾಡಬೇಡಿ. ಸಂಜೆಯೊಳಗೆ ಈ ಖಾತೆಗೆ ಹಣ ಕಳುಹಿಸಿ. ರಸೀತಿ ಆಮೇಲೆ.” ಅಧ್ಯಕ್ಷರ ಕಚೇರಿ ಇದಿರು ಬೀದಿಯಲ್ಲೇ ಇದ್ದೀತು. ಆದರೂ ಹಿರಿಯರ ಮಾತಿಗೆ ಮರುಪ್ರಶ್ನೆ ಹಾಕುವುದು ಅವಿನಯವೆಂದು ಬೆಳೆದ ಸೀಮೆಯಿದು. ವಂಚಕನಿಗೆ ಆ ಸಂಕೋಚವೇ ಬಂಡವಾಳ. ‘ಫೋನು ಮಾಡಬೇಡಿ’ ಎಂದ ಕೂಡಲೇ ಫೋನು ಮಾಡುವುದು ಖಜಾಂಚಿಯ ಧರ್ಮ. ಅದೂ ಪತ್ರದಲ್ಲಿ ಕೊಟ್ಟ ಸಂಖ್ಯೆಗಲ್ಲ, ಹಳೆಯ ಪುಸ್ತಕದಲ್ಲಿರುವ ಸಂಖ್ಯೆಗೆ.

ಕಡಬದ ಸಹಕಾರಿ ಸಂಘಕ್ಕೆ ಗೊಬ್ಬರದ ಸರಬರಾಜುದಾರನಿಂದ ‘ನಮ್ಮ ಖಾತೆ ಬದಲಾಗಿದೆ’ ಎಂಬ ಪತ್ರ ಬಂದರೂ ಮಾಡಬೇಕಾದುದು ಇದನ್ನೇ. ಹಳ್ಳಿಗರು ಮಾತ್ರ ಮೋಸಹೋಗುವರೆಂದು ಯಾರೂ ನಗಬೇಕಾಗಿಲ್ಲ. ಲಿಥುವೇನಿಯದವನೊಬ್ಬನು ತೈವಾನಿನ ‘ಕ್ವಾಂಟಾ’ ಸಂಸ್ಥೆಯ ಹೆಸರಿನಲ್ಲೇ ಲಾಟ್ವಿಯದಲ್ಲಿ ಇನ್ನೊಂದು ಸಂಸ್ಥೆಯನ್ನು ನೋಂದಾಯಿಸಿ, 2013ರಿಂದ 2015ರವರೆಗೆ ಸುಳ್ಳು ಬಿಲ್ಲುಗಳನ್ನು ಕಳುಹಿಸಿ, ಗೂಗಲ್ ಮತ್ತು ಫೇಸ್‌ಬುಕ್‌ಗಳಿಂದ ಹತ್ತು ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ಸೆಳೆದನು. ಗಣಕಲೋಕದ ಸಾರ್ವಭೌಮರೇ ಬಿಲ್ಲು ನೋಡಿ ಹಣ ತೆತ್ತರು! 2019ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಅವನಿಗೆ 5 ವರ್ಷಗಳ ಸೆರೆವಾಸ ವಿಧಿಸಿತು.

ಹಣ ಹೋದುದು ತಿಳಿದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು. ತನ್ನ ಬ್ಯಾಂಕಿಗೂ ತಿಳಿಸಬೇಕು. ಹಣವು ಖಾತೆಯಿಂದ ಖಾತೆಗೆ ಹಾರುವ ಮೊದಲು ಅದನ್ನು ತಡೆಹಿಡಿಸುವುದೇ ಆ ಸಂಖ್ಯೆಯ ಉದ್ದೇಶ. ಸಂಘದ ಮಾನಕ್ಕೆ ಅಂಜಿ ಆಡಳಿತ ಮಂಡಳಿಯ ಮುಂದಿನ ಸಭೆಯವರೆಗೆ ಬಾಯಿ ಬಿಗಿದು ಕುಳಿತ ಖಜಾಂಚಿಯು, ಮಳೆಗಾಲದ ಶುಲ್ಕಕ್ಕೆಂದು ಸದಸ್ಯರು ಕೂಡಿಟ್ಟ ದುಡ್ಡಿಗೆ ಆ ಹೊತ್ತಿನಲ್ಲಿ ಇರುವ ಒಂದೇ ದಾರಿಯನ್ನೂ ಮುಚ್ಚಿದಂತೆ.