ಎಲ್ಲರ ಜೊತೆ ಕೂತು ತಿನ್ನುವ ತರಿ ಕಡುಬು



ಹೊರಗೆ ಜಡಿಮಳೆ. ನಮ್ಮ ಹರಿಹರಪುರದಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುವ ದಿನಗಳಲ್ಲಿ ಏಳುತ್ತಲೇ ಮನೆಮಂದಿಗೆಲ್ಲ ಹಸಿವು. ಕೊಪ್ಪದ ಬಸ್ಸು ಹಿಡಿಯಬೇಕಾದ ಮಕ್ಕಳು, ತೋಟಕ್ಕೆ ಹೊರಟ ಯಜಮಾನರು, ಒಲೆ ಮುಂದೆ ಕೈ ಕಾಯಿಸುತ್ತಾ ಕೂತ ಅತ್ತೆ. ಎಲ್ಲರಿಗೂ ದೋಸೆಯೇ ಬೇಕು, ಅದೂ ಕಾವಲಿಯಿಂದ ನೇರ ತಟ್ಟೆಗೆ ಬೀಳಬೇಕು. ಹೊಯ್ಯುವವಳು ನಾವು ತಾನೇ! ಕೊನೆಗೆ ನಮ್ಮ ಪಾಲಿಗೆ ತಳದ ಹಿಟ್ಟಿನ ಒಂದು ಸೀದ ದೋಸೆ, ಆರಿದ ಕಾಫಿ.

ನಾನೂ ವರ್ಷಗಟ್ಟಲೆ ಹಾಗೇ ಮಾಡಿದವಳು. ಒಂದು ದಿನ ಬಟ್ಟೆ ಒಗೆಯುವಾಗ ಕಣ್ಣಿಗೆ ಕತ್ತಲೆ ಬಂದು ಕಲ್ಲಿನ ಮೇಲೇ ಕೂತೆ. ಪರೀಕ್ಷೆ ಮಾಡಿಸಿದರೆ ರಕ್ತಹೀನತೆ. ಡಾಕ್ಟರಮ್ಮ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಬೆಳಿಗ್ಗೆ ತಿಂಡಿ ಎಷ್ಟು ಹೊತ್ತಿಗೆ ತಿಂತೀರಮ್ಮಾ?" ಅಂದರು. ಹನ್ನೊಂದು ಗಂಟೆಗೆ ಅನ್ನೋಕೆ ನಾಚಿಕೆಯಾಯಿತು.

ಆಮೇಲಿಂದ ವಾರಕ್ಕೆ ಮೂರು ದಿನ ನಮ್ಮನೇಲಿ ತರಿ ಕಡುಬು. ಒಂದೇ ಸಲಕ್ಕೆ ಬೆಂದು ಇಳಿಯುತ್ತದೆ, ಎಲ್ಲರ ಜೊತೆ ನಾನೂ ಕೂರುತ್ತೇನೆ. ಉದ್ದಿನಬೇಳೆಯ ಖರ್ಚಿಲ್ಲ. ಮಳೆಗಾಲದ ಚಳಿಗೆ ಹಿಟ್ಟು ಹುಳಿ ಬರಲಿಲ್ಲವೆಂಬ ಗೋಳೂ ಇಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಸೊಸೈಟಿ ಅಕ್ಕಿ ಇದ್ದೇ ಇರುತ್ತದೆ. ಅದರ ಅನ್ನ ಸೇರದವರೂ ಕಡುಬನ್ನು ಬೇಡ ಅನ್ನುವುದಿಲ್ಲ, ನೋಡಿ.

ಐದು ಜನಕ್ಕೆ 2 ಪಾವು ಅಕ್ಕಿ ಸಾಕು. ಹಿಂದಿನ ದಿನವೇ ತೊಳೆದು ಬಸಿದು, ಬಟ್ಟೆಯ ಮೇಲೆ ಹರಡಿ ನೆರಳಲ್ಲಿ ಆರಿಸಿ. ಮಳೆಗಾಲದಲ್ಲಿ ಆರದಿದ್ದರೆ ಬಾಣಲೆಯಲ್ಲಿ ತುಸು ಬೆಚ್ಚಗೆ ಮಾಡಿ. ಮಿಕ್ಸಿಯಲ್ಲಿ ರವೆಯಂತೆ ಒಡೆಯಿರಿ. ತೀರಾ ನುಣ್ಣಗಾದರೆ ಕಡುಬು ಅಂಟಂಟು. ಒಂದು ಅಳತೆ ತರಿಗೆ ಎರಡು ಅಳತೆ ನೀರು. ಹಳೇ ಅಕ್ಕಿಯಾದರೆ ಎರಡೂವರೆ. ನೀರಿಗೆ ಉಪ್ಪು, ಜೀರಿಗೆ, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಕುದಿಸಿ, ಉರಿ ಸಣ್ಣ ಮಾಡಿ, ತರಿ ಉದುರಿಸುತ್ತಾ ಗಂಟಾಗದಂತೆ ಕೈಯಾಡಿಸಿ. ನೀರು ಹೀರಿದ ಮೇಲೆ ಒಂದು ಹಿಡಿ ಕಾಯಿತುರಿ ಸೇರಿಸಿ ಐದು ನಿಮಿಷ ಮುಚ್ಚಿಡಿ. ಕೈಗೆ ನೀರು ಹಚ್ಚಿಕೊಂಡು, ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಆರಿದರೆ ಬಿರಿಯುತ್ತದೆ. ಇಡ್ಲಿ ಪಾತ್ರೆಯಲ್ಲಿ ಬಾಳೆಲೆ ಹಾಸಿ 20 ನಿಮಿಷ ಬೇಯಿಸಿ. ಒದ್ದೆ ಬೆರಳಿಂದ ಮುಟ್ಟಿದರೆ ಅಂಟಬಾರದು. ಆ ಇಪ್ಪತ್ತು ನಿಮಿಷದಲ್ಲಿ ಮಕ್ಕಳ ಜಡೆಯೂ ಆಗುತ್ತೆ, ಚಟ್ನಿಯೂ ಆಗುತ್ತೆ.

ಬರೀ ಅಕ್ಕಿಯ ತಿಂಡಿಯಾದರೆ ಮತ್ತೆ ಬೇಗ ಹಸಿವು. ಅದಕ್ಕೇ ರಾತ್ರಿ ಒಂದು ಪಾವು ಕಪ್ಪು ಕಡಲೆ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಮೇಲೆ ನಿಂಬೆಹಣ್ಣು ಹಿಂಡಿ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆಯ ಹುಳಿ ಒಳ್ಳೆಯದು. ಕಾಫಿ, ಟೀ ಅದಕ್ಕೆ ಅಡ್ಡಿ; ತಿಂಡಿಯಾಗಿ ಒಂದು ಗಂಟೆಯಾದ ಮೇಲೆ ಕುಡಿಯಿರಿ. (ಇದೊಂದು ನನಗಿನ್ನೂ ಪೂರ್ತಿ ಸಾಧ್ಯವಾಗಿಲ್ಲ!) ತುಪ್ಪ, ಜೋನಿಬೆಲ್ಲ ಇದ್ದರೆ ಮಕ್ಕಳಿಗೆ ಬೇರೇನೂ ಬೇಡ.

ಮೊದಮೊದಲು ಅತ್ತೆಗೆ, ಗಂಡಸರ ಜೊತೆಗೇ ಸೊಸೆ ತಟ್ಟೆ ಹಾಕಿಕೊಂಡಳಲ್ಲ ಎಂದು ಸ್ವಲ್ಪ ಮುನಿಸು. ಈಗ ನಾನು ಕೂರುವುದು ತಡವಾದರೆ ಅವರೇ, "ಬಾರೇ, ಕಡುಬು ಆರುತ್ತೆ" ಅಂತ ಕರೆಯುತ್ತಾರೆ.

ಮಿಕ್ಕ ಕಡುಬನ್ನು ಸಂಜೆ ಪುಡಿ ಮಾಡಿ, ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆ ಹಾಕಿದರೆ ಶಾಲೆಯಿಂದ ಬಂದವರಿಗೆ ಆಯಿತು. ನಮ್ಮನೇಲಂತೂ ಮಿಗುವುದು ಅಪರೂಪ.