ಕವಿಯ ಹೆಂಡತಿ ಏನು ಮಾಡುತ್ತಿದ್ದರು?

ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಕುವೆಂಪು ಅವರಿಗೆ 1924ರಲ್ಲಿ ಮಾತೃಭಾಷೆಯಲ್ಲೇ ಬರೆಯಬೇಕೆಂದು ಬುದ್ಧಿ ಹೇಳಿದವರು ಐರಿಷ್ ಕವಿ, ನಾಟಕಕಾರ ಜೇಮ್ಸ್ ಕಸಿನ್ಸ್. ಈ ಕತೆಯನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ, “ಮಿಸ್, ಅವರ ಹೆಂಡತಿ ಏನು ಮಾಡುತ್ತಿದ್ದರು?” ಎಂದಳು. “ಮನೆ ನೋಡಿಕೊಳ್ಳುತ್ತಿದ್ದರೇನೋ” ಎಂದುಬಿಟ್ಟೆ. ಆಮೇಲೆ ಓದಿ ತಿಳಿದಾಗ ನಾಚಿಕೆಯಾಯಿತು.

ಮಾರ್ಗರೆಟ್ ಕಸಿನ್ಸ್ ಹೆಣ್ಣಿನ ಓಟಿಗಾಗಿ ಐರ್ಲೆಂಡಿನಲ್ಲೇ ಜೈಲು ಕಂಡವರು. 1917ರಲ್ಲಿ ಭಾರತ ಮಂತ್ರಿ ಮಾಂಟೆಗು ಎದುರು ನಮ್ಮ ಹೆಂಗಸರಿಗೂ ಮತದ ಹಕ್ಕು ಬೇಕೆಂದು ಕೇಳಿದ ನಿಯೋಗವನ್ನು ಕೂಡಿಸಿದವರು. 1919ರಲ್ಲಿ ಟಾಗೋರರು ಮದನಪಲ್ಲಿಯ ಕಾಲೇಜಿಗೆ ಬಂದಾಗ ‘ಜನಗಣಮನ’ದ ರಾಗವನ್ನು ಸ್ವರಲಿಪಿಗೆ ಇಳಿಸಿದವರೂ ಅವರೇ. ಮದನಪಲ್ಲಿಯೇನು ದೂರವೇ? ನಮ್ಮ ಶ್ರೀನಿವಾಸಪುರ, ರಾಯಲ್ಪಾಡು ದಾಟಿ ಗಡಿಯಾಚೆ ಹೋದರೆ ಸಿಗುವ ಊರು.

ಕವಿ ದೊಡ್ಡವರಲ್ಲ ಎಂದು ನಾನು ಹೇಳುತ್ತಿಲ್ಲ. ಗಂಡನ ಒಂದು ಮಾತನ್ನು ನೆನಪಿಟ್ಟ ನಾವು ಹೆಂಡತಿಯ ಇಡೀ ಬಾಳನ್ನು ‘ದಂಪತಿ’ ಎಂಬ ಪದದೊಳಗೆ ಮುಚ್ಚಿಟ್ಟೆವಲ್ಲ, ಇದು ಯಾವ ನ್ಯಾಯ? ಇಂದು ರಾಷ್ಟ್ರಗೀತೆ ಹಾಡುವ, ನಾಳೆ ಬೆರಳಿಗೆ ಶಾಯಿ ಹಾಕಿಸಿಕೊಳ್ಳುವ ನಮ್ಮ ಹುಡುಗಿಯರಿಗೆ ಆ ಹೆಸರು ತಿಳಿಯಬೇಡವೇ?

ಈಗ ನಾನು ಮಾರ್ಗರೆಟ್ ಅವರಿಂದಲೇ ಕತೆ ಶುರುಮಾಡುತ್ತೇನೆ. ಪರೀಕ್ಷೆಗೆ ಇದು ಬರುವುದಿಲ್ಲ ಎನ್ನುತ್ತಾರೆ. ಬರದಿದ್ದರೆ ತಪ್ಪು ಪ್ರಶ್ನೆಪತ್ರಿಕೆಯದು.