ನಾಲ್ಕು ಮೂಲೆಯ ಗಂಟು

ದಾದರ್‌ನ ಬೀದಿಗಳಲ್ಲಿ ಸಂಜೆ ಸೊಪ್ಪು ಕೊಳ್ಳುವಾಗ ಗಮನಿಸಿ, ಸರಕೆಲ್ಲ ಒಂದು ಪ್ಲಾಸ್ಟಿಕ್ ಹಾಳೆಯ ಮೇಲಿರುತ್ತದೆ. 'ಗಾಡಿ ಆಲಿ' ಎಂಬ ಕೂಗು ಕೇಳಿದರೆ ನಾಲ್ಕು ಮೂಲೆ ಸೇರಿಸಿ ಗಂಟು ಎತ್ತಿದರಾಯಿತು. ಪಾಲಿಕೆಯ ವ್ಯಾನ್ ಬರುವಷ್ಟರಲ್ಲಿ ಫುಟ್‌ಪಾತ್ ಖಾಲಿ. ಅದು ಹೋದ ಮೇಲೆ ಮತ್ತೆ ವ್ಯಾಪಾರ ಶುರು.

ಘೋಷಣೆಯಿಲ್ಲ, ಧರಣಿಯಿಲ್ಲ. ಮಲೇಷ್ಯಾದ ಹಳ್ಳಿಯೊಂದರ ಬಡ ರೈತರ ಇಂಥ ಸದ್ದಿಲ್ಲದ ಉಪಾಯಗಳನ್ನು ಜೇಮ್ಸ್ ಸ್ಕಾಟ್ 1985ರಲ್ಲಿ 'ದುರ್ಬಲರ ಅಸ್ತ್ರಗಳು' ಎಂದು ಕರೆದರು.

ವಿಚಿತ್ರವೆಂದರೆ ಕಾನೂನೂ ಇವರ ಪರವಾಗಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಅದು ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು. ಆ ಕಾಗದ ಕೈಗೆ ಬರದವರಿಗೆ ಗಂಟೇ ಲೈಸೆನ್ಸ್.

ನಡೆಯಲು ಜಾಗವಿಲ್ಲ ಎಂಬ ನಮ್ಮ ಗೊಣಗಾಟ ಸುಳ್ಳಲ್ಲ. ಆದರೆ ರೈಲಿಳಿದು ಮನೆಗೆ ಓಡುವಾಗ ಮೆಂತ್ಯದ ಕಟ್ಟು ಕೊಳ್ಳುವವರೂ ನಾವೇ. ಗಂಟಿನಿಂದ ಆ ದಿನದ ಸಂಪಾದನೆ ಉಳಿಯುತ್ತದೆ, ಹಕ್ಕು ಸಿಗುವುದಿಲ್ಲ. ನಾಳೆ ಮತ್ತೆ ಓಡಬೇಕು. ಪಾಲಿಕೆಗೆ 'ಇವರನ್ನು ಎಬ್ಬಿಸಿ' ಎಂದು ಬರೆಯುವ ಮೊದಲು 'ಸಮೀಕ್ಷೆ ಏನಾಯ್ತು?' ಎಂದು ಕೇಳೋಣ.